ಕ್ಯಾಮೆರಾಗಳ ಮೇಲಿನ ಕಾರ್ಖಾನೆ ಗುರುತುಗಳು: ಅರ್ಥ, ಸಂಗ್ರಹಮೌಲ್ಯ ಮತ್ತು ವರ್ತಕರಿಗೆ ಪಾಠ

ಜರ್ಮನಿಯ ವೆಟ್ಸ್‌ಲರ್ ನಗರದಲ್ಲಿ 2022ರ ಜೂನ್ ತಿಂಗಳಲ್ಲಿ ನಡೆದ ಹರಾಜಿನಲ್ಲಿ ಒಂದು ಹಳೆಯ ಲೈಕಾ ಕ್ಯಾಮೆರಾ 1 ಕೋಟಿ 44 ಲಕ್ಷ ಯೂರೋಗಳಿಗೆ ಮಾರಾಟವಾಯಿತು. 1923ರಲ್ಲಿ ಪ್ರಯೋಗಾರ್ಥವಾಗಿ ತಯಾರಿಸಲಾದ ‘ಶೂನ್ಯ ಸರಣಿ’ಯ ಸುಮಾರು ಎರಡು ಡಜನ್ ಕ್ಯಾಮೆರಾಗಳಲ್ಲಿ ಅದೂ ಒಂದು, ಅದರ ಕ್ರಮಸಂಖ್ಯೆ 105. ಇದೇ ಸರಣಿಯ 122ನೇ ಸಂಖ್ಯೆಯ ಕ್ಯಾಮೆರಾ 2018ರಲ್ಲಿ ವಿಯೆನ್ನಾದಲ್ಲಿ 24 ಲಕ್ಷ ಯೂರೋಗಳಿಗೆ ಮಾರಾಟವಾಗಿತ್ತು. ಒಂದೇ ಕಾರ್ಖಾನೆ, ಒಂದೇ ಸರಣಿ, ಒಂದೇ ಬಗೆಯ ಯಂತ್ರರಚನೆ. ಆದರೂ ಬೆಲೆಯಲ್ಲಿ ಆರು ಪಟ್ಟು ಅಂತರ. ಮಾರುಕಟ್ಟೆಯ ಏರಿಳಿತಕ್ಕೆ ಸಲ್ಲಬೇಕಾದ ಪಾಲನ್ನು ಸಲ್ಲಿಸಿದ ಮೇಲೂ ಉಳಿಯುವ ಕಾರಣ ಒಂದೇ. 105ನೇ ಕ್ಯಾಮೆರಾವನ್ನು ಲೈಕಾದ ಜನಕ ಓಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದರು. ಅದರ ದೃಶ್ಯಶೋಧಕದ ಮೇಲೆ ಅವರ ಹೆಸರನ್ನು ಕೆತ್ತಲಾಗಿತ್ತು.

ಲೋಹದ ಮೇಲಿನ ಕೆಲವು ಅಕ್ಷರಗಳು ವಸ್ತುವಿನ ಬೆಲೆಯನ್ನು ಇಷ್ಟರಮಟ್ಟಿಗೆ ಬದಲಿಸಬಲ್ಲವು ಎಂಬುದು ವ್ಯಾಪಾರಿ ಲೋಕಕ್ಕೆ ಹೊಸ ಸಂಗತಿಯೇನಲ್ಲ. ಆದರೆ ಆ ಅಕ್ಷರಗಳನ್ನು ಓದಲು ಬಲ್ಲವರು ಕಡಿಮೆ. ಹಳೆಯ ಸ್ಟುಡಿಯೋಗಳು ಮುಚ್ಚಿದಾಗ, ಮನೆಯ ಹಿರಿಯರ ಸಂಗ್ರಹಗಳು ವಿಲೇವಾರಿಯಾದಾಗ ಕ್ಯಾಮೆರಾಗಳು ಗುಜರಿಯ ಬೆಲೆಗೆ ಹೋಗುವುದುಂಟು. ಇದಕ್ಕೆ ತದ್ವಿರುದ್ಧವಾಗಿ, ಬೆಲೆಯಿಲ್ಲದ ವಸ್ತುವಿನ ಮೇಲೆ ಹೊಸದಾಗಿ ಅಕ್ಷರ ಕೆತ್ತಿಸಿ ಲಕ್ಷಾಂತರ ರೂಪಾಯಿಗೆ ಮಾರುವವರೂ ಇದ್ದಾರೆ. ಈ ಎರಡೂ ನಷ್ಟಗಳನ್ನು ತಪ್ಪಿಸುವ ವಿದ್ಯೆ ಒಂದೇ: ಕಾರ್ಖಾನೆಯ ಗುರುತನ್ನು ಸರಿಯಾಗಿ ಓದುವುದು. ಈ ವಿದ್ಯೆಯ ಮುಖ್ಯಾಂಶಗಳನ್ನೂ, ಅದರಿಂದ ಸಣ್ಣ ತಯಾರಕರು ಕಲಿಯಬಹುದಾದುದನ್ನೂ ಮುಂದೆ ವಿವರಿಸಲಾಗಿದೆ.

ಮೂಲದೇಶದ ಗುರುತು: ಕಾನೂನಿನ ಕೂಸು

ವಸ್ತುವಿನ ಮೇಲೆ ತಯಾರಿಕೆಯ ದೇಶದ ಹೆಸರನ್ನು ಅಚ್ಚೊತ್ತುವ ಪದ್ಧತಿ ತಯಾರಕರ ಅಭಿಮಾನದಿಂದ ವ್ಯಾಪಕವಾದುದಲ್ಲ. ವ್ಯಾಪಾರ ಕಾನೂನಿನ ಒತ್ತಾಯದಿಂದ ಬೆಳೆದುದು. ಬ್ರಿಟನ್ 1887ರಲ್ಲಿ ಸರಕು ಗುರುತುಗಳ ಕಾಯಿದೆಯನ್ನು ಜಾರಿಗೆ ತಂದಿತು. ಬ್ರಿಟಿಷ್ ಸರಕೆಂದು ಭ್ರಮೆ ಹುಟ್ಟಿಸುವ ಅಗ್ಗದ ಜರ್ಮನ್ ಸರಕುಗಳಿಂದ ಸ್ವದೇಶಿ ತಯಾರಕರನ್ನು ರಕ್ಷಿಸುವುದು ಅದರ ಉದ್ದೇಶವಾಗಿತ್ತು. ಅಮೆರಿಕದ 1890ರ ಮೆಕಿನ್ಲೆ ಸುಂಕ ಕಾಯಿದೆಯೂ ಆಮದು ಸರಕುಗಳ ಮೇಲೆ ಮೂಲದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಕಳಂಕವಾಗಲೆಂದು ಹೊರಿಸಿದ ‘ಮೇಡ್ ಇನ್ ಜರ್ಮನಿ’ ಎಂಬ ಗುರುತು ಕೆಲವೇ ದಶಕಗಳಲ್ಲಿ ಗುಣಮಟ್ಟದ ಮುದ್ರೆಯಾಗಿ ಮಾರ್ಪಟ್ಟಿತು. ಗುರುತಿಗೆ ಅರ್ಥ ತುಂಬುವುದು ಕಾನೂನಲ್ಲ, ಸರಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಎರಡನೆಯ ಮಹಾಯುದ್ಧದ ನಂತರ ಈ ಗುರುತುಗಳು ರಾಜಕೀಯ ಇತಿಹಾಸದ ದಾಖಲೆಗಳಾದವು. ಮಿತ್ರರಾಷ್ಟ್ರಗಳ ಆಡಳಿತದಲ್ಲಿದ್ದ ಜಪಾನಿನಿಂದ 1947ರ ನಂತರ ರಫ್ತಾದ ಸರಕುಗಳ ಮೇಲೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’, ಅಂದರೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದುದು’ ಎಂಬ ಬರಹ ಕಾಣಿಸಿಕೊಂಡಿತು. 1952ರಲ್ಲಿ ಆ ಆಡಳಿತ ಕೊನೆಗೊಂಡಿತು. ಆದ್ದರಿಂದ ಈ ಬರಹವಿರುವ ಆರಂಭದ ನಿಕಾನ್ ಕ್ಯಾಮೆರಾಗಳು ಒಂದು ಅಲ್ಪಾವಧಿಗೆ ಸೇರಿದವೆಂದು ನಿಸ್ಸಂದೇಹವಾಗಿ ಹೇಳಬಹುದು. ಜರ್ಮನಿ ಇಬ್ಭಾಗವಾದ ಮೇಲೆ ಪೂರ್ವ ಭಾಗದ ಸರಕಿನ ಮೇಲೆ ‘ಡಿ.ಡಿ.ಆರ್.’ ಎಂಬ ಗುರುತು ಬಂದಿತು. ಆ ರಾಷ್ಟ್ರವು 1949ರಿಂದ 1990ರವರೆಗೆ ಮಾತ್ರ ಅಸ್ತಿತ್ವದಲ್ಲಿತ್ತು. ದೇಶದ ಹೆಸರೇ ಇಲ್ಲಿ ಕಾಲಸೂಚಕವಾಗಿದೆ.

ಪೇಟೆಂಟ್ ಅಕ್ಷರಗಳು

ಜರ್ಮನ್ ಕ್ಯಾಮೆರಾಗಳ ಮೇಲೆ ಪದೇಪದೇ ಕಾಣುವ ‘ಡಿ.ಆರ್.ಪಿ.’ ಮತ್ತು ‘ಡಿ.ಆರ್.ಜಿ.ಎಂ.’ ಎಂಬ ಅಕ್ಷರಗಳನ್ನು ಅನೇಕರು ಕಂಪನಿಯ ಹೆಸರೆಂದು ಭಾವಿಸುತ್ತಾರೆ. ಮೊದಲನೆಯದು ಜರ್ಮನ್ ಸಾಮ್ರಾಜ್ಯದ ಪೇಟೆಂಟ್ ಎಂಬುದರ ಸಂಕ್ಷೇಪ. 1877ರ ಪೇಟೆಂಟ್ ಕಾನೂನಿನ ಫಲ. ಎರಡನೆಯದು 1891ರಲ್ಲಿ ಬಂದ ‘ಉಪಯುಕ್ತತಾ ಮಾದರಿ’ಯ ನೋಂದಣಿ. ಪೂರ್ಣ ಪೇಟೆಂಟಿಗೆ ಬೇಕಾಗುವಷ್ಟು ದೊಡ್ಡ ಆವಿಷ್ಕಾರವಲ್ಲದ, ಆದರೆ ಬಳಕೆಯಲ್ಲಿ ಅನುಕೂಲ ತರುವ ಚಿಕ್ಕ ಸುಧಾರಣೆಗಳಿಗೆ ಕಡಿಮೆ ಅವಧಿಯ ರಕ್ಷಣೆ ನೀಡುವ ಏರ್ಪಾಡು ಅದು. ಪಶ್ಚಿಮ ಜರ್ಮನಿ 1949ರಲ್ಲಿ ಸ್ಥಾಪನೆಯಾದ ನಂತರ ಈ ಅಕ್ಷರಗಳ ಸ್ಥಾನದಲ್ಲಿ ‘ಡಿ.ಬಿ.ಪಿ.’ ಮತ್ತು ‘ಡಿ.ಬಿ.ಜಿ.ಎಂ.’ ಬಂದವು. ನಡುವಿನ ಒಂದೇ ಅಕ್ಷರ ‘ಆರ್’ ಹೋಗಿ ‘ಬಿ’ ಆಗಿದೆಯೇ ಎಂದು ನೋಡಿದರೆ ಕ್ಯಾಮೆರಾ ಯುದ್ಧಪೂರ್ವದ್ದೋ ಯುದ್ಧಾನಂತರದ್ದೋ ಎಂಬುದರ ಸುಳಿವು ಸಿಗುತ್ತದೆ. ಭಾರತದಲ್ಲಿ ಉಪಯುಕ್ತತಾ ಮಾದರಿಗೆ ಪ್ರತ್ಯೇಕ ಕಾನೂನಿಲ್ಲ. ಆಕಾರ ಮತ್ತು ಹೊರರೂಪಕ್ಕೆ ಮಾತ್ರ 2000ದ ವಿನ್ಯಾಸ ಕಾಯಿದೆಯ ರಕ್ಷಣೆಯಿದೆ ಎಂಬುದನ್ನು ಸಣ್ಣ ತಯಾರಕರು ಈ ಸಂದರ್ಭದಲ್ಲಿ ನೆನೆಯಬಹುದು.

ವರ್ಷವನ್ನು ಅಡಗಿಸಿದ ಸಂಕೇತಪದಗಳು

ನಮ್ಮ ಪೇಟೆಗಳ ಜವಳಿ ವರ್ತಕರಿಗೆ ಬೆಲೆಯ ಚೀಟಿಯ ಮೇಲೆ ಅಸಲು ಬೆಲೆಯನ್ನು ಅಕ್ಷರಗಳಲ್ಲಿ ಬರೆದಿಡುವ ಪದ್ಧತಿ ಚಿರಪರಿಚಿತ. ಹತ್ತು ಬೇರೆಬೇರೆ ಅಕ್ಷರಗಳ ಒಂದು ಪದವನ್ನು ಆರಿಸಿಕೊಂಡು, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿಯನ್ನು ನಿಗದಿಪಡಿಸುವುದು ಅದರ ಕ್ರಮ. ಜಗತ್ತಿನ ಎರಡು ಹೆಸರಾಂತ ಕ್ಯಾಮೆರಾ ಸಂಸ್ಥೆಗಳು ಇದೇ ಉಪಾಯವನ್ನು ತಯಾರಿಕೆಯ ವರ್ಷ ಸೂಚಿಸಲು ಬಳಸಿದವು.

ಅಮೆರಿಕದ ಕೊಡಕ್ ಸಂಸ್ಥೆಯ ಸಂಕೇತಪದ ‘ಕ್ಯಾಮೆರಾಸಿಟಿ’. ಇಂಗ್ಲಿಷ್ ಕಾಗುಣಿತದ ಪ್ರಕಾರ ಸಿ, ಎ, ಎಂ, ಇ, ಆರ್, ಓ, ಎಸ್, ಐ, ಟಿ, ವೈ ಎಂಬ ಹತ್ತು ಅಕ್ಷರಗಳು ಕ್ರಮವಾಗಿ 1ರಿಂದ 9 ಮತ್ತು 0ಯನ್ನು ಸೂಚಿಸುತ್ತವೆ. ಎಕ್ಟಾರ್ ಮಸೂರದ ಕ್ರಮಸಂಖ್ಯೆಯ ಮುಂದೆ ‘ಇ–ಓ’ ಎಂದಿದ್ದರೆ 46, ಅಂದರೆ 1946. ‘ಆರ್–ವೈ’ ಎಂದಿದ್ದರೆ 1950.

ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಸಂಸ್ಥೆಯ ಸಂಕೇತ ‘ವಿ.ಎಚ್. ಪಿಕ್ಚರ್ಸ್’. ವಿ, ಎಚ್, ಪಿ, ಐ, ಸಿ, ಟಿ, ಯು, ಆರ್, ಇ, ಎಸ್ ಎಂಬ ಅಕ್ಷರಗಳು ಕ್ರಮವಾಗಿ 1ರಿಂದ 9 ಮತ್ತು 0. ‘ಟಿ–ಎಚ್’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ 1962ರದ್ದು, ‘ಯು–ಇ’ 1979ರದ್ದು. ಈ ಸಂಸ್ಥೆಯ ಕ್ಯಾಮೆರಾಗಳಲ್ಲಿ ಬಾಡಿಗೂ ಫಿಲ್ಮ್ ಪೆಟ್ಟಿಗೆಗೂ ಬೇರೆಬೇರೆ ಸಂಖ್ಯೆಗಳಿರುತ್ತವೆ. ಫಿಲ್ಮ್ ಪೆಟ್ಟಿಗೆಯ ಒಳಭಾಗದ ಮೇಲೆ ಹೊರಕವಚದ ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಅಚ್ಚೊತ್ತಲಾಗಿದೆ. ಎರಡೂ ಹೊಂದಿದರೆ ಅದು ಕಾರ್ಖಾನೆಯಲ್ಲಿ ಜೊತೆಯಾಗಿ ಕೂಡಿಸಿದ ಪೆಟ್ಟಿಗೆ. ಹೊಂದದಿದ್ದರೆ ಯಾರೋ ಬದಲಿಸಿದ್ದಾರೆಂದು ಅರ್ಥ. ಕೆಲಸಕ್ಕೆ ಅಷ್ಟೇನೂ ಅಡ್ಡಿಯಾಗದ ಈ ವ್ಯತ್ಯಾಸ ಬೆಲೆಯನ್ನು ಮಾತ್ರ ಇಳಿಸುತ್ತದೆ.

ಜಪಾನಿನ ಕ್ಯಾನನ್ ಸಂಸ್ಥೆಯು ಹಲವು ದಶಕಗಳ ಕಾಲ ಮಸೂರಗಳ ಹಿಂಬದಿಯಲ್ಲಿ ಚಿಕ್ಕದೊಂದು ಸಂಕೇತ ಮುದ್ರಿಸುತ್ತಿತ್ತು. ಅದರ ಮೊದಲ ಅಕ್ಷರ ಕಾರ್ಖಾನೆಯದು: ‘ಯು’ ಎಂದರೆ ಉತ್ಸುನೊಮಿಯಾ, ‘ಎಫ್’ ಎಂದರೆ ಫುಕುಶಿಮಾ, ‘ಓ’ ಎಂದರೆ ಒಯಿಟಾ. ಎರಡನೆಯದು ವರ್ಷ, ಇಂಗ್ಲಿಷ್ ವರ್ಣಮಾಲೆ 1960ರಿಂದ ಒಂದು ಸುತ್ತು, 1986ರಿಂದ ಇನ್ನೊಂದು ಸುತ್ತು. ಅನಂತರದ ಅಂಕಿಗಳು ತಿಂಗಳು. ಒಂದೇ ಅಕ್ಷರಕ್ಕೆ 26 ವರ್ಷಗಳ ಅಂತರದ ಎರಡು ಅರ್ಥಗಳಿರುವುದರಿಂದ ಮಸೂರದ ಮಾದರಿಯನ್ನು ಬಲ್ಲವರಿಗೆ ಮಾತ್ರ ಈ ಸಂಕೇತ ಪೂರ್ಣವಾಗಿ ಉಪಯೋಗಕ್ಕೆ ಬರುತ್ತದೆ. ಸೋವಿಯತ್ ಒಕ್ಕೂಟದ ಅನೇಕ ಕ್ಯಾಮೆರಾ ಮತ್ತು ಮಸೂರಗಳಲ್ಲಿ ಇಂಥ ಮರೆಮಾಚುವಿಕೆ ಇಲ್ಲ. ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳೇ ವರ್ಷ.

ಸೋವಿಯತ್ ನಿಯಮವನ್ನು ಎಲ್ಲೆಡೆಗೂ ಅನ್ವಯಿಸುವುದೇ ವರ್ತಕರು ಸಾಮಾನ್ಯವಾಗಿ ಎಸಗುವ ತಪ್ಪು. ನಿಕಾನ್ ಎಫ್ ಕ್ಯಾಮೆರಾ ಮಾರುಕಟ್ಟೆಗೆ ಬಂದುದು 1959ರಲ್ಲಿ. ಅದರ ಕ್ರಮಸಂಖ್ಯೆಗಳು 64ರಿಂದ ಆರಂಭವಾಗುತ್ತವೆ. ಅದನ್ನು 1964 ಎಂದು ಓದುವವರು ಸಂಗ್ರಹಕಾರರು ಅತಿ ಹೆಚ್ಚು ಬಯಸುವ ಮೊದಲ ವರ್ಷದ ಕ್ಯಾಮೆರಾವನ್ನು ಐದು ವರ್ಷ ಹೊಸದೆಂದು ತಿಳಿದು ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರೆ. ಪ್ರತಿ ಕಾರ್ಖಾನೆಯ ಗುರುತಿಗೂ ಅದರದೇ ಆದ ವ್ಯಾಕರಣವಿದೆ. ಒಂದರ ವ್ಯಾಕರಣದಿಂದ ಇನ್ನೊಂದನ್ನು ಓದಲಾಗದು.

ಕ್ರಮಸಂಖ್ಯೆ ಮತ್ತು ಕಾರ್ಖಾನೆಯ ವಹಿ

ಲೈಕಾ ಸಂಸ್ಥೆಯ ಸಂಖ್ಯೆಗಳಲ್ಲಿ ಯಾವ ಸಂಕೇತವೂ ಇಲ್ಲ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಪರಿಚಯಿಸಿದ ಮೊದಲ ಮಾದರಿಯಿಂದ ಸಂಖ್ಯೆಗಳು ಏರುತ್ತ ಹೋಗಿವೆ. 1954ರಲ್ಲಿ ಬಂದ ಎಂ-3 ಮಾದರಿ 7 ಲಕ್ಷದ ನಂತರದ ಸಂಖ್ಯೆಗಳಿಂದ ಆರಂಭವಾಯಿತು. ಸಂಖ್ಯೆಗಳನ್ನು ಮುಂಚಿತವಾಗಿಯೇ ಗುಂಪುಗುಂಪಾಗಿ ಮಾದರಿಗಳಿಗೆ ಹಂಚುತ್ತಿದ್ದುದರಿಂದ ಸಂಖ್ಯೆಯೊಂದರಿಂದಲೇ ತಯಾರಿಕೆಯ ದಿನವನ್ನು ನಿಖರವಾಗಿ ಹೇಳಲಾಗದು. ಇದಕ್ಕೆ ಉತ್ತರ ಇರುವುದು ಕಾರ್ಖಾನೆಯ ವಿತರಣಾ ವಹಿಗಳಲ್ಲಿ. ಯಾವ ಸಂಖ್ಯೆಯ ಕ್ಯಾಮೆರಾ ಯಾವ ದಿನ ಯಾರಿಗೆ ರವಾನೆಯಾಯಿತು ಎಂಬುದನ್ನು ಸಂಸ್ಥೆಯು ದಾಖಲಿಸಿ, ಆ ವಹಿಗಳನ್ನು ಕಾಪಾಡಿಕೊಂಡು ಬಂದಿದೆ. ಹರಾಜಿನಲ್ಲಿ ದೊಡ್ಡ ಬೆಲೆ ತಂದುಕೊಡುವುದು ಲೋಹದ ಮೇಲಿನ ಸಂಖ್ಯೆಯಲ್ಲ. ಆ ಸಂಖ್ಯೆಯನ್ನು ದೃಢಪಡಿಸುವ ಈ ಬರಹ.

ಲೈಕಾದ ಇನ್ನೊಂದು ಗುರುತು ತಯಾರಕರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಮಸೂರ ಬದಲಿಸಬಹುದಾದ ಅದರ ಆರಂಭದ ಕ್ಯಾಮೆರಾಗಳಲ್ಲಿ ಪ್ರತಿ ಮಸೂರವನ್ನೂ ನಿರ್ದಿಷ್ಟ ಬಾಡಿಗೆ ಕೈಯಿಂದ ಹೊಂದಿಸಬೇಕಾಗಿತ್ತು. ಹೀಗಾಗಿ ಬಾಡಿಯ ಸಂಖ್ಯೆಯ ಅಂಕಿಗಳನ್ನು ಮಸೂರದ ಮೇಲೂ ಕೆತ್ತುತ್ತಿದ್ದರು. 1931ರಲ್ಲಿ ಮಸೂರ ಕೂಡುವ ಬಿಲ್ಲೆಯಿಂದ ಫಿಲ್ಮಿನವರೆಗಿನ ಅಂತರವನ್ನು 28.8 ಮಿಲಿಮೀಟರಿಗೆ ನಿಗದಿಪಡಿಸಿದ ಮೇಲೆ ಯಾವ ಮಸೂರವನ್ನಾದರೂ ಯಾವ ಬಾಡಿಗಾದರೂ ಜೋಡಿಸಲು ಸಾಧ್ಯವಾಯಿತು. ಹಾಗೆ ಪ್ರಮಾಣೀಕರಿಸಿದ ಬಾಡಿ ಮತ್ತು ಮಸೂರಗಳ ಮೇಲೆ ಒಂದು ಚಿಕ್ಕ ಸೊನ್ನೆಯನ್ನು ಕೆತ್ತಲಾಯಿತು. ಆ ಸೊನ್ನೆ ಬಿಡಿಭಾಗಗಳ ಪರಸ್ಪರ ಬದಲಾವಣೆಯ ಪ್ರಮಾಣಪತ್ರ. ಇಂದಿನ ಸಂಗ್ರಹಕಾರರು ಮಾತ್ರ ಸೊನ್ನೆಯಿಲ್ಲದ, ತನ್ನ ಮೂಲ ಮಸೂರದೊಡನೆಯೇ ಉಳಿದುಬಂದ ಕ್ಯಾಮೆರಾವನ್ನು ಹೆಚ್ಚು ಆದರಿಸುತ್ತಾರೆ. ಉತ್ತಮವಾದುದಕ್ಕೂ ವಿರಳವಾದುದಕ್ಕೂ ವ್ಯತ್ಯಾಸವಿದೆ ಎಂಬುದು ಈ ವ್ಯಾಪಾರದ ಮೊದಲ ಪಾಠ.

ಯುದ್ಧಕಾಲದ ಕೆಲವು ಲೈಕಾ ಕ್ಯಾಮೆರಾಗಳ ಸಂಖ್ಯೆಯ ನಂತರ ‘ಕೆ’ ಎಂಬ ಅಕ್ಷರವಿದೆ. ಇದನ್ನು ಕೆಲವರು ಚಳಿ ತಡೆಯುವ ಕ್ಯಾಮೆರಾ ಎಂಬ ಅರ್ಥದ ಜರ್ಮನ್ ಪದದ ಮೊದಲ ಅಕ್ಷರವೆಂದು ವಿವರಿಸಿದರು. ವಾಸ್ತವವಾಗಿ ಅದು ಗುಂಡುಬೇರಿಂಗ್ ಎಂಬುದರ ಜರ್ಮನ್ ಪದದಿಂದ ಬಂದುದು. ಷಟರಿನ ಉರುಳೆಗಳಿಗೆ ಬಾಲ್ ಬೇರಿಂಗ್ ಅಳವಡಿಸಿದ ಕ್ಯಾಮೆರಾಗಳಿಗೆ ಆ ಅಕ್ಷರ ಸಂದಿತು. ಕಡು ಚಳಿಯಲ್ಲೂ ಷಟರ್ ಸರಾಗವಾಗಿ ಓಡಲೆಂಬುದು ಆ ಬೇರಿಂಗಿನ ಉದ್ದೇಶ. ಫಲ ಒಂದೇ ಆದರೂ ಗುರುತು ಸೂಚಿಸುವುದು ಬಿಡಿಭಾಗವನ್ನು.

ಮಸೂರದ ಮೇಲಿನ ಅಕ್ಷರಗಳು

ನಿಕಾನ್ ಸಂಸ್ಥೆಯ ಹಳೆಯ ನಿಕ್ಕರ್ ಮಸೂರಗಳ ಹೆಸರಿನ ಪಕ್ಕದಲ್ಲಿ ಒಂದು ಅಕ್ಷರವಿರುತ್ತದೆ. ಅದು ಮಸೂರದೊಳಗಿನ ಗಾಜಿನ ಬಿಲ್ಲೆಗಳ ಎಣಿಕೆ. ಗ್ರೀಕ್ ಮತ್ತು ಲ್ಯಾಟಿನ್ ಸಂಖ್ಯಾವಾಚಕಗಳ ಮೊದಲ ಅಕ್ಷರಗಳನ್ನು ಇದಕ್ಕೆ ಆರಿಸಲಾಗಿದೆ: ‘ಟಿ’ ಎಂದರೆ ಮೂರು, ‘ಕ್ಯೂ’ ನಾಲ್ಕು, ‘ಪಿ’ ಐದು, ‘ಎಚ್’ ಆರು, ‘ಎಸ್’ ಏಳು, ‘ಓ’ ಎಂಟು. ‘ನಿಕ್ಕರ್–ಎಚ್’ ಎಂದು ಬರೆದ 50 ಮಿ.ಮೀ. ಮಸೂರದಲ್ಲಿ ಆರು ಬಿಲ್ಲೆಗಳು. ಮಸೂರದ ಮುಂಬದಿಯ ಉಂಗುರವನ್ನು ಬದಲಿಸಿ ಸಾಮಾನ್ಯ ಮಸೂರವನ್ನು ದುಬಾರಿಯದೆಂದು ತೋರಿಸುವ ಯತ್ನವನ್ನು ಈ ಅಕ್ಷರದ ನೆರವಿನಿಂದ ಪತ್ತೆಹಚ್ಚಬಹುದು.

ಗಾಜಿನ ಮೇಲ್ಮೈಯಲ್ಲಿ ಬೆಳಕಿನ ಪ್ರತಿಫಲನವನ್ನು ತಗ್ಗಿಸುವ ಲೇಪನವನ್ನು ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ರೂಪಿಸಿದರು. ಲೇಪನವಿರುವ ಜೈಸ್ ಮಸೂರಗಳ ಮೇಲೆ ಕೆಂಪು ಬಣ್ಣದ ‘ಟಿ’ ಅಕ್ಷರ ಬಂದಿತು. ಬಹುಪದರ ಲೇಪನಕ್ಕೆ ಅನಂತರ ‘ಟಿ’ಯ ಪಕ್ಕದಲ್ಲಿ ನಕ್ಷತ್ರ ಸೇರಿತು. ಕೊಡಕ್ ಸಂಸ್ಥೆ ಇದೇ ಉದ್ದೇಶಕ್ಕೆ ವೃತ್ತದೊಳಗಿನ ‘ಎಲ್’ ಅಕ್ಷರವನ್ನು ಬಳಸಿತು. ಆದರೆ ಎಲ್ಲ ‘ಟಿ’ಯೂ ಲೇಪನವಲ್ಲ. ಜರ್ಮನಿಯ ವಿಭಜನೆಯ ನಂತರ ಜೈಸ್ ಎಂಬ ಹೆಸರಿನ ಹಕ್ಕಿಗಾಗಿ ಪೂರ್ವ ಮತ್ತು ಪಶ್ಚಿಮದ ಸಂಸ್ಥೆಗಳ ನಡುವೆ ದೀರ್ಘಕಾಲ ವ್ಯಾಜ್ಯ ನಡೆದು 1971ರಲ್ಲಿ ಒಪ್ಪಂದವಾಯಿತು. ಪಶ್ಚಿಮದ ಪೇಟೆಗಳಿಗೆ ಹೋಗುವ ಜೇನಾ ನಗರದ ಮಸೂರಗಳು ಪೂರ್ಣ ಹೆಸರನ್ನು ಧರಿಸುವಂತಿರಲಿಲ್ಲ. ಅಂಥವುಗಳ ಮೇಲೆ ‘ಜೇನಾದಿಂದ’ ಎಂಬ ಅರ್ಥದ ಜರ್ಮನ್ ಪದಗಳೂ, ಟೆಸಾರ್ ಎಂಬುದಕ್ಕೆ ಬದಲಾಗಿ ‘ಟಿ’, ಬಯೋಟಾರ್ ಎಂಬುದಕ್ಕೆ ಬದಲಾಗಿ ‘ಬಿ’ ಎಂಬ ಒಂಟಿ ಅಕ್ಷರಗಳೂ ಕಾಣುತ್ತವೆ. ಒಂದೇ ಅಕ್ಷರ ಒಂದೆಡೆ ತಂತ್ರಜ್ಞಾನವನ್ನೂ ಇನ್ನೊಂದೆಡೆ ವ್ಯಾಜ್ಯವನ್ನೂ ಸೂಚಿಸುತ್ತದೆ.

ವಿತರಕರ ಹೆಸರು, ಮಾರುಕಟ್ಟೆಯ ಹೆಸರು

1936ರಲ್ಲಿ ಮಾರಾಟಕ್ಕೆ ಬಂದ ಕ್ಯಾನನ್ ಕ್ಯಾಮೆರಾದ ಮೇಲೆ ‘ಹಂಸಾ’ ಎಂಬ ಪದವಿದೆ. ಅದು ತಯಾರಕರದಲ್ಲ, ವಿತರಕ ಸಂಸ್ಥೆಯ ವ್ಯಾಪಾರಚಿಹ್ನೆ. ಅಮೆರಿಕದಲ್ಲಿ ಪೆಂಟಾಕ್ಸ್ ಕ್ಯಾಮೆರಾಗಳು ಆಮದುದಾರರ ಹೆಸರು ಸೇರಿ ‘ಹನಿವೆಲ್ ಪೆಂಟಾಕ್ಸ್’ ಆದವು. ಮಿನೋಲ್ಟಾ ಸಂಸ್ಥೆಯ ಒಂದೇ ಕ್ಯಾಮೆರಾ ಜಪಾನಿನಲ್ಲಿ ಎಕ್ಸ್‌.ಡಿ., ಯೂರೋಪಿನಲ್ಲಿ ಎಕ್ಸ್‌.ಡಿ.-7, ಅಮೆರಿಕದಲ್ಲಿ ಎಕ್ಸ್‌.ಡಿ.-11. ನಿಕಾನ್ ಎಂಬ ಹೆಸರು ತನ್ನ ‘ಐಕಾನ್’ ಎಂಬುದನ್ನು ಹೋಲುತ್ತದೆಂದು ಜೈಸ್ ಐಕಾನ್ ಸಂಸ್ಥೆ ಆಕ್ಷೇಪಿಸಿದ್ದರಿಂದ ಪಶ್ಚಿಮ ಜರ್ಮನಿಯಲ್ಲಿ ನಿಕಾನ್ ಎಫ್ ಕ್ಯಾಮೆರಾಗಳು ‘ನಿಕ್ಕರ್’ ಎಂಬ ಫಲಕದೊಡನೆ ಮಾರಾಟವಾದವು. ಕಡಿಮೆ ಸಂಖ್ಯೆಯಲ್ಲಿ ಹೊರಬಂದ ಈ ‘ನಿಕ್ಕರ್ ಎಫ್’ ಇಂದು ಸಂಗ್ರಹಕಾರರ ಅಚ್ಚುಮೆಚ್ಚು.

1985ರ ಮಿನೋಲ್ಟಾ ಮ್ಯಾಕ್ಸಮ್ 7000 ಕ್ಯಾಮೆರಾದ ಮೊದಲ ತಂಡದಲ್ಲಿ ಹೆಸರಿನ ಎರಡು ‘ಎಕ್ಸ್’ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ತೈಲ ಸಂಸ್ಥೆ ಎಕ್ಸಾನ್ ಇದು ತನ್ನ ಚಿಹ್ನೆಗೆ ಸಮೀಪವೆಂದು ಆಕ್ಷೇಪಿಸಿದ ಮೇಲೆ ಅಕ್ಷರಗಳನ್ನು ಬೇರ್ಪಡಿಸಲಾಯಿತು. ಹೆಣೆದ ಅಕ್ಷರಗಳ ಕ್ಯಾಮೆರಾಗಳಿಗೆ ತುಸು ಹೆಚ್ಚಿನ ಆಸಕ್ತಿ ಇದೆ. ಆದರೆ ಆಗಲೇ ಬಹಳ ಕ್ಯಾಮೆರಾಗಳು ಮಾರಾಟವಾಗಿದ್ದುದರಿಂದ ಬೆಲೆ ಆಕಾಶಕ್ಕೇರಲಿಲ್ಲ. ವಿಚಿತ್ರವಾದುದೆಲ್ಲ ವಿರಳವಲ್ಲ ಎಂಬುದು ಎರಡನೆಯ ಪಾಠ.

ತಪಾಸಣೆ ಮತ್ತು ಒಡೆತನದ ಮುದ್ರೆಗಳು

ಹಳೆಯ ಜಪಾನಿ ಕ್ಯಾಮೆರಾಗಳ ಮೇಲೆ ‘ಪಾಸ್ಡ್’ ಎಂದು ಮುದ್ರಿಸಿದ ಚಿನ್ನದ ಬಣ್ಣದ ಅಂಡಾಕಾರದ ಚೀಟಿ ಕಾಣುತ್ತದೆ. 1954ರಲ್ಲಿ ಸ್ಥಾಪನೆಯಾದ ಜಪಾನ್ ಕ್ಯಾಮೆರಾ ತಪಾಸಣಾ ಸಂಸ್ಥೆಯದು ಅದು. ಕಳಪೆ ಸರಕು ಹೊರದೇಶ ತಲುಪಿ ರಾಷ್ಟ್ರದ ಹೆಸರು ಕೆಡದಿರಲೆಂದು ರಫ್ತಿನ ಕ್ಯಾಮೆರಾಗಳಿಗೆ ತಪಾಸಣೆ ವಿಧಿಸಲಾಗಿತ್ತು. ಅಗ್ಗದ ನಕಲುಗಾರರೆಂದು ಹೆಸರಾಗಿದ್ದ ಜಪಾನಿ ತಯಾರಕರು ಒಂದೇ ತಲೆಮಾರಿನಲ್ಲಿ ಜರ್ಮನ್ ಕ್ಯಾಮೆರಾಗಳನ್ನು ಹಿಂದಿಕ್ಕಿದ್ದರ ಹಿಂದೆ ಈ ಶಿಸ್ತಿನ ಪಾಲೂ ಇದೆ. ಚೀಟಿಯಿಂದ ಕ್ಯಾಮೆರಾದ ಬೆಲೆ ಏರುವುದಿಲ್ಲ; ಆದರೆ ಅದು ಮಾಸದೆ ಉಳಿದಿದ್ದರೆ ಕ್ಯಾಮೆರಾ ಹೆಚ್ಚು ಬಳಕೆಯಾಗಿಲ್ಲವೆಂಬ ಸೂಚನೆ ಸಿಗುತ್ತದೆ.

ಒಡೆತನದ ಮುದ್ರೆಗಳ ಮಾತು ಬೇರೆ. ಬ್ರಿಟಿಷ್ ಸರ್ಕಾರದ ಸ್ವತ್ತಿನ ಮೇಲಿನ ಬಾಣದ ಗುರುತು, ಪಶ್ಚಿಮ ಜರ್ಮನ್ ಸೇನೆಯ ಎಂ-3 ಕ್ಯಾಮೆರಾಗಳ ಮೇಲಿನ ‘ಒಕ್ಕೂಟದ ಆಸ್ತಿ’ ಎಂಬ ಜರ್ಮನ್ ಬರಹ, ಯುದ್ಧಕಾಲದ ಜರ್ಮನ್ ವಾಯುಪಡೆಯ ಬರಹ ಇವೆಲ್ಲ ಬೆಲೆಯನ್ನು ಹಲವು ಪಟ್ಟು ಏರಿಸುತ್ತವೆ. ಅದೇ ಕಾರಣಕ್ಕಾಗಿ ಅತಿ ಹೆಚ್ಚು ಖೋಟಾ ಆಗುವುದೂ ಇವೇ.

ನಕಲಿ ಕೆತ್ತನೆಯ ವ್ಯಾಪಾರ

ಸೋವಿಯತ್ ಒಕ್ಕೂಟದ ಖಾರ್ಕೊವ್ ನಗರದಲ್ಲಿ 1934ರಿಂದ ‘ಫೆಡ್’ ಎಂಬ ಹೆಸರಿನಲ್ಲಿ, ಕ್ರಾಸ್ನೊಗೋರ್ಸ್ಕ್ ನಗರದಲ್ಲಿ 1948ರಿಂದ ‘ಜೋರ್ಕಿ’ ಎಂಬ ಹೆಸರಿನಲ್ಲಿ ಲೈಕಾದ ಪ್ರತಿರೂಪಗಳು ತಯಾರಾದವು. ಅವು ತಮ್ಮದೇ ಹೆಸರಿನಲ್ಲಿ ಬಂದ ಪ್ರಾಮಾಣಿಕ ಸರಕುಗಳು. ಇಂದಿಗೂ ಸಾಧಾರಣ ಬೆಲೆಗೆ ದೊರೆಯುತ್ತವೆ. ಇವುಗಳ ಮೂಲ ಕೆತ್ತನೆಯನ್ನು ಉಜ್ಜಿ ತೆಗೆದು, ಲೈಕಾ ಎಂಬ ಹೆಸರನ್ನೂ ಜರ್ಮನ್ ಸೇನೆಯ ಅಥವಾ 1936ರ ಬರ್ಲಿನ್ ಒಲಿಂಪಿಕ್ಸ್‌ನ ಲಾಂಛನವನ್ನೂ ಕೆತ್ತಿ, ಚಿನ್ನದ ಬಣ್ಣದ ಲೇಪನ ಕೊಟ್ಟು ಮಾರುವ ದಂಧೆ ದಶಕಗಳಿಂದ ನಡೆದಿದೆ. ಭಾರತಕ್ಕೂ ಇಂಥವು ಪ್ರವಾಸಿಗರ ಕೈಚೀಲಗಳಲ್ಲಿ ಬಂದಿವೆ.

ಇವುಗಳನ್ನು ಗುರುತಿಸಲು ಅಕ್ಷರಗಳನ್ನು ಬಿಟ್ಟು ಯಂತ್ರವನ್ನು ನೋಡಬೇಕು. ಮಸೂರವನ್ನು ಕಳಚಿದಾಗ ಒಳಗೆ ದೂರಮಾಪಕದ ತೋಳು ಕಾಣುತ್ತದೆ. ದೂರಮಾಪಕವುಳ್ಳ ನಿಜವಾದ ಲೈಕಾದಲ್ಲಿ ಅದರ ತುದಿಯಲ್ಲಿ ತಿರುಗುವ ಚಿಕ್ಕ ಉರುಳೆ ಇರುತ್ತದೆ. ಸೋವಿಯತ್ ಕ್ಯಾಮೆರಾಗಳಲ್ಲಿ ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ತುದಿ ಇರುತ್ತದೆ. ಹೊರಗಿನ ಹೆಸರನ್ನು ಬದಲಿಸುವುದು ಒಂದು ಗಂಟೆಯ ಕೆಲಸ. ಒಳಗಿನ ರಚನೆಯನ್ನು ಬದಲಿಸುವುದು ಲಾಭದಾಯಕವಲ್ಲ. ಆದ್ದರಿಂದ ಸುಳ್ಳು ಸಾಮಾನ್ಯವಾಗಿ ಹೊರಗೇ ನಿಲ್ಲುತ್ತದೆ.

ಕರ್ನಾಟಕದ ಓದುಗರಿಗೆ ಇದಕ್ಕೆ ಸಮೀಪದ ಉದಾಹರಣೆ ಎಚ್‌.ಎಂ.ಟಿ. ಕೈಗಡಿಯಾರಗಳದು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಆರಂಭವಾದ ಆ ಉದ್ಯಮದ ಗಡಿಯಾರ ಅಂಗಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಸಂಗ್ರಹಕಾರರ ಬೇಡಿಕೆ ಹೆಚ್ಚಿದೊಡನೆ ಹಳೆಯ ಗಡಿಯಾರಗಳಿಗೆ ಹೊಸದಾಗಿ ಬಣ್ಣ ಬಳಿದ ಮುಖಬಿಲ್ಲೆಗಳು ಪೇಟೆಗೆ ಬಂದವು. ಬಲ್ಲ ಸಂಗ್ರಹಕಾರ ಹೊಳೆಯುವ ಹೊಸ ಬಿಲ್ಲೆಗಿಂತ ಮಾಸಿದ ಮೂಲ ಬಿಲ್ಲೆಗೇ ಹೆಚ್ಚು ಕೊಡುತ್ತಾನೆ. ಕ್ಯಾಮೆರಾಗಳಲ್ಲೂ ಹೀಗೆಯೇ, ಸವೆದ ಮೂಲ ಗುರುತು ಹೊಳಪಿನ ಹೊಸ ಗುರುತಿಗಿಂತ ಮೇಲು.

ಭಾರತದ ಗುರುತುಗಳು

ವಿದೇಶಿ ಹೆಸರುಗಳ ನಡುವೆ ಸ್ವದೇಶದ ಗುರುತುಗಳನ್ನು ಮರೆಯಬಾರದು. ಅಗ್ಫಾ ಕ್ಲಿಕ್-3 ಎಂಬ ಸರಳ ಕ್ಯಾಮೆರಾ ಭಾರತದ ಅಸಂಖ್ಯ ಕುಟುಂಬಗಳ ಮೊದಲ ಕ್ಯಾಮೆರಾ ಆಗಿತ್ತು. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಕ್ಲಿಕ್ ಮೇಲೆ ‘ಮೇಡ್ ಇನ್ ಇಂಡಿಯಾ’ ಎಂಬ ಅಚ್ಚು ಇದ್ದು, ಜರ್ಮನಿಯಲ್ಲಿ ತಯಾರಾದುದರಿಂದ ಅದನ್ನು ಪ್ರತ್ಯೇಕಿಸುತ್ತದೆ. ಕೇರಳದ ಆಲೆಪ್ಪಿಯಲ್ಲಿ ತಯಾರಾದ ‘ವಾಗೀಶ್ವರಿ’ ಹೆಸರಿನ ಮರದ ಕ್ಯಾಮೆರಾಗಳು ದೇಶದ ಅನೇಕ ಸ್ಟುಡಿಯೋಗಳಲ್ಲಿ ದುಡಿದವು. ಇವುಗಳ ಬೆಲೆ ಇನ್ನೂ ಸಾಧಾರಣ ಮಟ್ಟದಲ್ಲಿದೆ. ತಯಾರಕರ ಫಲಕ ಕಳಚದೆ ಉಳಿದಿರುವ ಮಾದರಿಗಳನ್ನು ಅಲಂಕಾರದ ಸಾಮಾನೆಂದು ಬಿಡಿಬಿಡಿಯಾಗಿ ಮಾರದೆ ಇಡಿಯಾಗಿ ಕಾಪಾಡುವುದು ವಿವೇಕ.

ಕೊಳ್ಳುವ ಮುನ್ನ ಅನುಸರಿಸಬೇಕಾದ ಕ್ರಮ

1. ಬಾಡಿ, ಮಸೂರ, ಷಟರ್ ಮೂರರ ಮೇಲಿನ ಸಂಖ್ಯೆ ಮತ್ತು ಹೆಸರುಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಮೂರನ್ನೂ ಬೇರೆಬೇರೆ ಸಂಸ್ಥೆಗಳು ತಯಾರಿಸಿರಬಹುದಾದ್ದರಿಂದ ಸಂಖ್ಯೆಗಳು ಬೇರೆಯಾಗಿರುವುದು ದೋಷವಲ್ಲ. ಅವು ಸೂಚಿಸುವ ಕಾಲ ಒಂದೇ ಆಗಿರಬೇಕು.

2. ಮಾದರಿಯ ಲಕ್ಷಣಗಳು ಸಂಖ್ಯೆಗೆ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದದಿದ್ದರೆ ಕೂಡಲೇ ನಕಲಿಯೆಂದು ತಳ್ಳಬಾರದು. ಲೈಕಾ ಕಾರ್ಖಾನೆಯೇ ಹಳೆಯ ಕ್ಯಾಮೆರಾಗಳನ್ನು ಮೂಲ ಸಂಖ್ಯೆ ಉಳಿಸಿಕೊಂಡು ಹೊಸ ಮಾದರಿಗೆ ಪರಿವರ್ತಿಸಿಕೊಟ್ಟ ಉದಾಹರಣೆಗಳಿವೆ.

3. ಕೆತ್ತನೆಯ ಸುತ್ತಲಿನ ಲೋಹವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಉಜ್ಜಿದ ತಗ್ಗು, ದುಂಡಗಾದ ಅಂಚು, ಸುತ್ತಲಿನ ಸವೆತಕ್ಕೆ ಹೊಂದದ ಹೊಸ ಅಕ್ಷರ ಇವು ಅನುಮಾನಕ್ಕೆ ಆಸ್ಪದ.

4. ಬಿಲ್ಲು, ಖಾತರಿ ಚೀಟಿ, ಮೂಲ ಪೆಟ್ಟಿಗೆ, ಹಿಂದಿನ ಒಡೆಯರ ವಿವರ ಇದ್ದರೆ ಕ್ಯಾಮೆರಾದಿಂದ ಅವನ್ನು ಅಗಲಿಸಬಾರದು.

5. ಯಾವ ಕಾರಣಕ್ಕೂ ಹಳೆಯ ಗುರುತಿಗೆ ಹೊಳಪು ಕೊಡಬಾರದು, ಬಣ್ಣ ತುಂಬಬಾರದು.

6. ಅನುಮಾನವಿರುವ ವಸ್ತುವನ್ನು ಮಾರುವಾಗ ಬಿಲ್ಲಿನಲ್ಲಿ ಅನುಮಾನವನ್ನೂ ನಮೂದಿಸಬೇಕು.

ಕೊನೆಯ ಅಂಶ ಕೇವಲ ನೀತಿಯ ಮಾತಲ್ಲ. 1999ರ ವ್ಯಾಪಾರಚಿಹ್ನೆಗಳ ಕಾಯಿದೆಯ 103ನೇ ಪ್ರಕರಣದ ಪ್ರಕಾರ ಸುಳ್ಳು ವ್ಯಾಪಾರಚಿಹ್ನೆ ಹಾಕುವುದಕ್ಕೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 104ನೇ ಪ್ರಕರಣ ಅಂಥ ಸರಕನ್ನು ಮಾರುವವರಿಗೂ ಅದೇ ಶಿಕ್ಷೆಯನ್ನು ಹೇಳುತ್ತದೆ. ಸೂಕ್ತ ಎಚ್ಚರಿಕೆ ವಹಿಸಿದ್ದೆನೆಂದೂ, ಅನುಮಾನಕ್ಕೆ ಕಾರಣವಿರಲಿಲ್ಲವೆಂದೂ ರುಜುವಾತುಪಡಿಸುವ ವರ್ತಕನಿಗೆ ಕಾಯಿದೆಯಲ್ಲಿ ರಕ್ಷಣೆಯಿದೆ. ಆ ರುಜುವಾತಿಗೆ ಬರಹದ ದಾಖಲೆಯೇ ಆಧಾರ. ನೂರು ವರ್ಷ ದಾಟಿದ ವಸ್ತುಗಳನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ 1972ರ ಪುರಾತನ ವಸ್ತುಗಳ ಕಾಯಿದೆಯ ನಿರ್ಬಂಧ ಅನ್ವಯಿಸುವುದೇ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣದಿಂದ ತಿಳಿದುಕೊಳ್ಳುವುದು ಅವಶ್ಯಕ. 1925ರ ಕ್ಯಾಮೆರಾಗಳೂ ಈಗ ಆ ಗಡಿಯನ್ನು ತಲುಪಿವೆ.

ಸಣ್ಣ ತಯಾರಕರಿಗೆ

ಈ ಇಡೀ ವಿಷಯವನ್ನು ತಿರುಗಿಸಿ ತಯಾರಕನ ಕಡೆಯಿಂದ ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕೊಡಕ್ ಅಥವಾ ಹ್ಯಾಸೆಲ್‌ಬ್ಲಾಡ್ ಸಂಸ್ಥೆ ಸಂಕೇತಾಕ್ಷರ ಹಾಕಿದ್ದು ನಾಳಿನ ಸಂಗ್ರಹಕಾರನಿಗಾಗಿ ಅಲ್ಲ. ದುರಸ್ತಿಗೆ ಬಂದ ವಸ್ತು ಯಾವ ವರ್ಷದ್ದು, ಖಾತರಿಯ ಅವಧಿಯೊಳಗಿದೆಯೇ, ದೋಷ ಕಂಡ ಬಿಡಿಭಾಗ ಯಾವ ತಂಡದಲ್ಲಿ ಸೇರಿತ್ತು ಎಂಬುದು ಕಾರ್ಖಾನೆಗೆ ತಕ್ಷಣ ತಿಳಿಯಬೇಕಾಗಿತ್ತು. ‘ಕೆ’ ಅಕ್ಷರ ಬಿಡಿಭಾಗದ ಬದಲಾವಣೆಯನ್ನು, ಸೊನ್ನೆಯ ಗುರುತು ಅಳತೆಯ ನಿಖರತೆಯನ್ನು, ಕ್ರಮಸಂಖ್ಯೆ ರವಾನೆಯ ವಿವರವನ್ನು ದಾಖಲಿಸಿದವು. ಪೀಣ್ಯದ ಅಥವಾ ಹುಬ್ಬಳ್ಳಿಯ ಕಿರು ಘಟಕವೊಂದು ತಯಾರಿಸುವ ಕವಾಟಕ್ಕೂ ಪಂಪಿಗೂ ಈ ಮೂರರ ಅಗತ್ಯ ಅಷ್ಟೇ ಇದೆ.

ಸಂಖ್ಯೆಯನ್ನು ಕೆತ್ತುವುದು ಅರ್ಧ ಕೆಲಸ. ಅದನ್ನು ವಹಿಯಲ್ಲಿ ಬರೆದು ಕಾಪಾಡುವುದು ಉಳಿದರ್ಧ. ವಹಿಯಿಲ್ಲದ ಸಂಖ್ಯೆ ಯಾರು ಬೇಕಾದರೂ ಕೆತ್ತಬಹುದಾದ ಅಂಕಿ ಮಾತ್ರ. ನಕಲಿ ಸರಕಿನ ವಿರುದ್ಧ ನ್ಯಾಯಾಲಯಕ್ಕೆ ಹೋಗಬೇಕಾದಾಗ, ದೋಷವುಳ್ಳ ತಂಡವನ್ನು ಮಾತ್ರ ಹಿಂಪಡೆದು ಉಳಿದ ಸರಕಿನ ಹೆಸರನ್ನು ಉಳಿಸಿಕೊಳ್ಳಬೇಕಾದಾಗ ತಯಾರಕನ ನೆರವಿಗೆ ಬರುವುದು ಆ ವಹಿಯೇ. ಕಾರ್ಖಾನೆಯ ಗುರುತು ಎಂದರೆ ತಯಾರಕನು ತನ್ನ ಸರಕಿನ ಮೇಲೆ ಹಾಕಿದ ರುಜು. ರುಜು ಹಾಕಿದವನು ಅದಕ್ಕೆ ಬಾಧ್ಯನೂ ಹೌದು ಎಂಬ ತಿಳಿವಳಿಕೆಯಿಂದ ನಡೆದ ಕಾರ್ಖಾನೆಗಳ ಗುರುತುಗಳಿಗೇ ಇಂದು ಬೆಲೆ ಬಂದಿದೆ.